ಇಳಕಲ್ ಅಂಚಿನ ಕುಣಿಕೆ

ಧಾರವಾಡದಲ್ಲಿ ವೈಜಯಂತಿ ಎಂಬ ಓಟಗಾರ್ತಿ ಇದ್ದಳು. ಬರೀ ಓಟವಲ್ಲ, ಟ್ರಯಾಥ್ಲಾನ್ ಅವಳ ಹುಚ್ಚು. ಮೊದಲು ಕೆರೆಯಲ್ಲಿ ಈಜಬೇಕು, ಆಮೇಲೆ ಸೈಕಲ್ ತುಳಿಯಬೇಕು, ಕೊನೆಗೆ ಓಡಬೇಕು. ನಡುವೆ ಉಸಿರು ಬಿಡಲೂ ಪುರುಸೊತ್ತಿಲ್ಲ. ಹೋದ ವರ್ಷ ಪದಕ ಕೂದಲೆಳೆಯಲ್ಲಿ ತಪ್ಪಿತ್ತು. ಈ ಸಲ ಗೆದ್ದೇ ತೀರಬೇಕು, ಅದಕ್ಕೆ ಎಲ್ಲಕ್ಕಿಂತ ಹಗುರಾದ ಶೂ ಬೇಕು ಎಂದು ಹಟ ತೊಟ್ಟಳು.

ಶೂ ಆರಿಸುತ್ತಿದ್ದಾಳೋ ವರನನ್ನು ಆರಿಸುತ್ತಿದ್ದಾಳೋ ಎಂಬಷ್ಟು ಸಡಗರ. ರವೆ ತೂಗುವ ತಕ್ಕಡಿಯ ಮೇಲೆ ಒಂದೊಂದೇ ಜೋಡಿ ಇಟ್ಟು ನೋಡಿದಳು. ಒಂದರ ಅಡಿ ಮೆತ್ತಗಿತ್ತು, ಆದರೆ ಭಾರ. ಇನ್ನೊಂದರ ಹಿಡಿತ ಚೆನ್ನಾಗಿತ್ತು, ಅದೂ ಭಾರ. ಕೊನೆಗೆ ಸಿಕ್ಕಿದ ಜೋಡಿ ಕೈಯಲ್ಲಿ ಹಿಡಿದರೆ ಹಪ್ಪಳದಂತಿತ್ತು.

ಅವಳಿಗೊಬ್ಬ ಗೆಳತಿ, ನೀಲಾ. ವರ್ಷಗಳಿಂದ ಇಬ್ಬರೂ ಜೊತೆಗೆ ಈಜಿ, ಜೊತೆಗೆ ಓಡಿದವರು. ನೀಲಾ ಓಟದಲ್ಲಿ ಹಿಂದೆ, ಮಾತಿನಲ್ಲಿ ಮುಂದೆ. ವೈಜಯಂತಿ ಹೊಸ ಶೂ ತಂದಾಗಲೆಲ್ಲ ಹಿಮ್ಮಡಿಯ ಹಿಂಭಾಗಕ್ಕೆ ಹಳೆಯ ಇಳಕಲ್ ಸೀರೆಯ ಅಂಚಿನಿಂದ ಒಂದು ಕುಣಿಕೆ ಹೊಲಿದು ಕೊಡುವುದು ನೀಲಾಳ ರೂಢಿ. ಒದ್ದೆ ಕಾಲು ಶೂಗೆ ಸುಲಭವಾಗಿ ಇಳಿಯುವುದಿಲ್ಲ. ಕುಣಿಕೆಗೆ ಬೆರಳು ಹಾಕಿ ಎಳೆದರೆ ಸರ್ರನೆ ಏರುತ್ತದೆ. ಈ ಜೋಡಿಗೂ ಹೊಲಿದಳು.

ವೈಜಯಂತಿ ಕತ್ತರಿ ತಂದು ಅವಳೆದುರಿಗೇ ಎರಡು ಕುಣಿಕೆಗಳನ್ನೂ ಕತ್ತರಿಸಿ ಹಾಕಿದಳು.

"ಯಾಕವಾ? ಒದ್ದಿ ಕಾಲಾಗ ಒಮ್ಮೆರ ಹಾಕ್ಕೊಂಡು ನೋಡು," ಎಂದಳು ನೀಲಾ.

"ತೂಕ ಅಂದ್ರ ತೂಕ!" ವೈಜಯಂತಿ ಸಿಡುಕಿದಳು. "ನಾಳೆಯಿಂದ ಓಡಾಕೂ ಬರಬ್ಯಾಡ. ನಿನ್ನ ಜೋಡಿ ಓಡಿದ್ರ ನನ್ನ ವೇಗ ಕಡಿಮಿ ಆಗ್ತೈತಿ."

ನೀಲಾ ಶೂ ಡಬ್ಬಿಯೊಳಗೆ ಬಿದ್ದ ತುಂಡುಗಳನ್ನು ನೋಡಿದಳು. ತನ್ನ ಸೂಜಿ ದಾರ ಎತ್ತಿಕೊಂಡು ಎದ್ದು ಹೋದಳು.

ವೈಜಯಂತಿ ಒಣ ಕಾಲಿಗೆ ಸಾಕ್ಸ್ ಹಾಕಿ, ಮೈದಾನದಲ್ಲಿ ಹೊಸ ಶೂ ಪರೀಕ್ಷಿಸಿದಳು. ವೇಗವೇನೋ ಬಂತು. ಹಿಗ್ಗಿ ಹಿಂದಿರುಗಿ ನೋಡಿದರೆ ಹೇಳಿಕೊಳ್ಳಲು ಯಾರೂ ಇಲ್ಲ. ಕೆರೆಯ ದಂಡೆಯಲ್ಲಿ ಎರಡು ಟವೆಲ್ ಇರುತ್ತಿದ್ದ ಜಾಗದಲ್ಲಿ ಒಂದೇ ಟವೆಲ್. ಪದಕ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು.

ಪಂದ್ಯದ ದಿನ ಸೈಕಲ್ ಇಳಿದಾಗ ಅವಳು ಮೂರನೆಯವಳು. ಇನ್ನು ಓಡಿದರೆ ಪದಕ. ಸೈಕಲ್ ಶೂ ಕಳಚಿದಳು. ಕೆರೆಯ ನೀರಿಗೆ ಬೆವರೂ ಸೇರಿ ಕಾಲು ಇನ್ನೂ ಒದ್ದೆಯಾಗಿತ್ತು. ಹೊಸ ಶೂಗೆ ತೂರಿಸಿದ ಕೂಡಲೇ ಅದರ ತೆಳು ಹಿಮ್ಮಡಿ ಒಳಗೆ ಮಡಚಿಕೊಂಡಿತು. ಬೆರಳು ಅಭ್ಯಾಸಬಲದಿಂದ ಹಿಂದಕ್ಕೆ ಹೋಗಿ ಕುಣಿಕೆ ಹುಡುಕಿತು. ಎಲ್ಲಿದೆ ಕುಣಿಕೆ? ಅವಳು ಜಗ್ಗಾಡುತ್ತಾ ಕೂತಿರುವಾಗಲೇ ಒಬ್ಬೊಬ್ಬರಾಗಿ ದಾಟಿ ಹೋದರು. ಹೇಗೋ ತುರುಕಿಕೊಂಡು ಓಡಿದರೆ ಒಳಗಿನ ಮಡಿಕೆ ಉಜ್ಜಿ ಉಜ್ಜಿ ಚರ್ಮ ಕಿತ್ತಿತು. ಕುಂಟುತ್ತಾ ಗುರಿ ಮುಟ್ಟುವ ಹೊತ್ತಿಗೆ ಶಾಮಿಯಾನ ಬಿಚ್ಚುತ್ತಿದ್ದರು. ಚಪ್ಪಾಳೆ ತಟ್ಟಲು ಯಾರೂ ಉಳಿದಿರಲಿಲ್ಲ.

ಮನೆಗೆ ಬಂದಾಗ ಆ ಎರಡು ತುಂಡುಗಳು ಇನ್ನೂ ಶೂ ಡಬ್ಬಿಯ ಮೂಲೆಯಲ್ಲಿದ್ದವು. ತಕ್ಕಡಿಯ ಮೇಲಿಟ್ಟಳು. ಮುಳ್ಳು ಸೊನ್ನೆಯಿಂದ ಅಲುಗಲೇ ಇಲ್ಲ. ಅವಳಿಗೆ ಅಳು ತಡೆಯಲಾಗಲಿಲ್ಲ. ಫೋನ್ ಮಾಡಿದಳು.

"ನೀಲಾ, ನಂದು ತಪ್ಪಾತು. ನಾಳೆ ಕೆರೀಗೆ ಬರ್ತಿಯೇನ?"

"ನಾ ಓಡೂದು ಬಿಟ್ಟೀನ್ರಿ," ಎಂದಳು ನೀಲಾ. ಅವಳು ವೈಜಯಂತಿಗೆ ಎಂದೂ 'ರೀ' ಹಚ್ಚಿ ಮಾತಾಡಿದವಳಲ್ಲ.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ವೈಜಯಂತಿ ಸೂಜಿ ದಾರ ಹಿಡಿದು ಕುಣಿಕೆಗಳನ್ನು ತಾನೇ ಹೊಲಿದಳು, ಸೊಟ್ಟಪಟ್ಟ ಬಂದವು. ಮರುದಿನ ಕೆರೆಗೆ ಎರಡು ಟವೆಲ್ ಒಯ್ದಳು. ಒಂದು ಹೋದ ಹಾಗೆಯೇ, ನೀರು ಸೋಕದೆ ಮನೆಗೆ ಬಂತು.

ನೀತಿ: ಹಗುರಾಗಬೇಕೆಂದು ಕತ್ತರಿ ಹಿಡಿಯುವ ಮೊದಲು ಹೊರೆ ಯಾವುದು, ಆಸರೆ ಯಾವುದು ಎಂದು ತೂಗಿ ನೋಡಬೇಕು. ಆಸರೆಯನ್ನೇ ಕತ್ತರಿಸಿಕೊಂಡವರು ಎಷ್ಟು ಹಗುರಾದರೂ ಮುಂದೆ ಹೋಗಲಾರರು.