ಕೊಬ್ಬಿಗೆ ಚುಚ್ಚಿದ ಹಿಮ

ಒಬ್ಬಾತನ ಹೊಟ್ಟೆ ಕರಗಿಸಲೆಂದು ಡಾಕ್ಟರು ಅರೆಕರಗಿದ ಹಿಮವನ್ನು ಸೂಜಿಯಲ್ಲಿ ಒಳಗೆ ಚುಚ್ಚಿದರು. ಅಲ್ಲಿದ್ದ ಕೊಬ್ಬು ಕೆಂಡಾಮಂಡಲವಾಯಿತು.

"ಯಾರು ನೀನು? ಹೇಳದೆ ಕೇಳದೆ ನುಗ್ಗಲು ಇದೇನು ಛತ್ರವೇ?"

"ನಾನು ಹಿಮ. ನಿನ್ನನ್ನು ಹೆಪ್ಪುಗಟ್ಟಿಸಿ ಕೊಲ್ಲಲು ಕಳಿಸಿದ್ದಾರೆ."

"ನನ್ನನ್ನೇ? ಹೋಳಿಗೆಗೆ ತುಪ್ಪ ಸಾಲದೆಂದು ದಿನಾ ಕೂಗಿದ್ದು ನಾಲಿಗೆ. ಅದು ನುಂಗಿ ಕಳಿಸಿದ್ದನ್ನೆಲ್ಲ ಕಷ್ಟಕಾಲಕ್ಕಿರಲೆಂದು ಜೋಪಾನ ಮಾಡಿದ್ದು ನಾನು. ಹೋಗು, ಅದನ್ನು ಹಿಡಿ!"

"ಸೂಜಿ ಬಿಟ್ಟ ಜಾಗದಲ್ಲಷ್ಟೇ ನನ್ನ ಕೆಲಸ. ತೀರ್ಪು ನನ್ನದಲ್ಲ," ಎಂದು ಹಿಮ ಕೊಬ್ಬನ್ನು ಸುತ್ತಿಕೊಂಡಿತು.

ಮರಗಟ್ಟುತ್ತಲೇ ಕೊಬ್ಬು ಅರಚಿತು: "ಏ ನಾಲಿಗೆ, ನಾಚಿಕೆಯಿದ್ದರೆ ಈಗಲಾದರೂ ಬಾಯಿ ಬಿಡು!"

ಮೇಲೆ ನಾಲಿಗೆ ಹೊರಳಿತು. ಕೊಬ್ಬು ಕಿವಿಗೊಟ್ಟು ಕಾಯತೊಡಗಿತು.

"ಡಾಕ್ಟರೇ, ನೋವು ತಿಂದು ಸಾಕಾಯಿತು. ಮನೆಗೆ ಹೋಗುವಾಗ ಒಂದು ಐಸ್‌ಕ್ರೀಂ ತಿನ್ನಬಹುದಲ್ಲವೇ?"