ಕೆಳಕೇರಿಯ ಮೇಲಿನ ಬೂದಿಗುಡ್ಡ

ಕೇಳ್ರಪ್ಪಾ, ಕರಿಬಂಡೆ ಅಂತ ಒಂದು ರಾಜ್ಯ. ಅಲ್ಲಿನ ನೆಲದೊಳಗೆ ಎಣ್ಣೆ ಕುಡಿದ ಕಲ್ಲು. ಅಗೆದು ಕಾಯಿಸಿದರೆ ಎಣ್ಣೆ ಇಳಿಯೋದು, ಊರೂರಲ್ಲಿ ದೀಪ ಉರಿಯೋದು. ಮಂಡಕ್ಕಿ ಹಾಗೆ ಉಬ್ಬಿ ಉಳಿದ ಬೂದಿಕಲ್ಲನ್ನು ನೆನೆಸಿ, ಕೋಲಿನಿಂದ ಕುಟ್ಟಿ ದಮ್ಮಸು ಮಾಡಿ, ಅಗೆದ ಗುಂಡಿಗೇ ತುಂಬಬೇಕು, ಮೇಲೆ ಜೇಡಿಮಣ್ಣು ಮುಚ್ಚಬೇಕು. ಅದು ರಾಜನ ಕಟ್ಟಪ್ಪಣೆ.

ಗಣಿ ಪಾರುಪತ್ತೇಗಾರ ದುಗ್ಗಪ್ಪನಿಗೆ ಅಷ್ಟು ತಾಳ್ಮೆ ಎಲ್ಲಿ? ಎಣ್ಣೆ ಬೇಗ ಬೇಗ ಕೊಟ್ಟರೆ ರಾಜ ಪಲ್ಲಕ್ಕಿ ಕೊಡ್ತಾನೆ ಅನ್ನೋ ಆಸೆ. ಬೂದಿಯನ್ನೆಲ್ಲ ಇಳಿಜಾರಿಗೆ ಸುರಿಸಿದ. ಅದು ಗುಡ್ಡವಾಯಿತು. ಗುಡ್ಡದ ಬುಡದಲ್ಲೇ ಕೆಳಕೇರಿ.

ಕೇರಿಯವರು ಅವನ ಮನೆಗೆ ಬಂದರು. "ಸ್ವಾಮಿ, ಬಾವಿ ನೀರು ಕಹಿಯಾಗಿದೆ."

"ಹೆದರೋದೇನಿಲ್ಲ, ಹೋಗಿ" ಅಂದ.

ಮತ್ತೆ ಬಂದರು. "ಸ್ವಾಮಿ, ಗುಡ್ಡ ಒಳಗೊಳಗೇ ಹೊಗೆಯಾಡ್ತಿದೆ."

"ಹೆದರೋದೇನಿಲ್ಲ, ಹೋಗಿ."

ಮೂರನೇ ಸಲ ಬಂದರು. "ಸ್ವಾಮಿ, ಗುಡ್ಡ ಬಿರುಕು ಬಿಟ್ಟಿದೆ. ಮಳೆ ಹೊಡೆದರೆ ನಮ್ಮ ಮೇಲೇ ಕುಸಿಯುತ್ತೆ."

ಆಗಲೂ ಅದೇ ಮಾತು.

ಹೆಂಡತಿ ಕೆಂಚವ್ವ ಬಾಗಿಲ ಮರೆಯಲ್ಲಿ ನಿಂತು ಮೂರು ಸಲವೂ ಕೇಳಿಸಿಕೊಂಡಳು. ಗಂಡನಿಗೆ ಹೇಳಿ ನೋಡಿದಳು. ಅವನು ಕಿವಿಗೇ ಹಾಕಿಕೊಳ್ಳಲಿಲ್ಲ. ಅವಳಿಗೆ ಅನ್ನ ಸೇರಲಿಲ್ಲ. ಬೆಳಗಾಗುತ್ತಲೇ ಅತ್ತೆಯ ಹತ್ತಿರ ಹೋಗಿ ಏನೋ ಪಿಸುಗುಟ್ಟಿದಳು. ಮುದುಕಿ ಸೆರಗು ಬಿಗಿದು, "ನಡಿಯವ್ವ, ಹೋಗೋಣ" ಅಂದಳು. ಕೆಂಚವ್ವ ತನ್ನ ಕೂಸನ್ನು ಕಂಕುಳಿಗೇರಿಸಿಕೊಂಡಳು. ಇಬ್ಬರೂ ಕೆಳಕೇರಿಗೆ ಹೋಗಿ, ಗುಡ್ಡಕ್ಕೆ ಅಂಟಿಕೊಂಡಿದ್ದ ಒಂದು ಖಾಲಿ ಮನೆಯಲ್ಲಿ ಒಲೆ ಹೂಡಿದರು.

ದುಗ್ಗಪ್ಪ ಓಡಿ ಬಂದ. "ಏನೇ ಇದು? ಏಳು, ಮನೆಗೆ ನಡಿ."

"ಯಾಕ್ರೀ? ಹೆದರೋದೇನಿಲ್ಲ ಅಂದಿದ್ದು ನೀವೇ ಅಲ್ಲವೇ?" ಅಂದಳು ಕೆಂಚವ್ವ. ಮಾತು ಮೆತ್ತಗಿತ್ತು, ಕೂಸನ್ನು ಮಾತ್ರ ಬಿಗಿಯಾಗಿ ಅವಚಿಕೊಂಡಿದ್ದಳು.

"ಅವ್ವಾ, ನೀನಾದರೂ ಏಳು."

"ನನ್ನ ಮಗ ಸುಳ್ಳು ಹೇಳೋನಲ್ಲ ಕಣಪ್ಪ. ನಾನು ಇಲ್ಲೇ ಇರ್ತೀನಿ" ಅಂದಳು ಮುದುಕಿ.

ದುಗ್ಗಪ್ಪ ಕತ್ತೆತ್ತಿ ನೋಡಿದ. ತಲೆ ಮೇಲೆ ಬಿರುಕು, ಅದರ ಮೇಲೆ ಕಾರ್ಮೋಡ. ಎದ್ದೆನೋ ಬಿದ್ದೆನೋ ಅಂತ ಅರಮನೆಗೆ ಓಡಿ, ರಾಜನ ಕಾಲು ಹಿಡಿದು, ನಡೆದದ್ದನ್ನೆಲ್ಲ ಒಪ್ಪಿಕೊಂಡ.

ರಾಜ ಮೊದಲು ಕೇರಿಯ ಜನರನ್ನೆಲ್ಲ ದಿಬ್ಬಕ್ಕೆ ಹತ್ತಿಸಿದ. ಎಲ್ಲರೂ ಹೊರಟ ಮೇಲೆಯೇ ಕೆಂಚವ್ವ ಹೊಸಿಲು ದಾಟಿದಳು. ಆಮೇಲೆ ರಾಜ್ಯದ ಗಾಡಿಗಳೆಲ್ಲ ಬಂದು ಬೂದಿಯನ್ನು ಗುಂಡಿಗೆ ಸಾಗಿಸಿದವು. ಅರ್ಧ ಸಾಗಿಸುವಷ್ಟರಲ್ಲಿ ಮಳೆ ಸುರಿಯಿತು. ಉಳಿದ ಗುಡ್ಡ ದಡದಡ ಜಾರಿತು. ಕೆಂಚವ್ವ ಒಲೆ ಹೂಡಿದ್ದ ಮನೆಯ ಹಿತ್ತಿಲ ಗೋಡೆ ಬೀಳಿಸಿ, ಅಲ್ಲೇ ನಿಂತಿತು. ಒಂದು ಕೋಳಿಗೂ ಗಾಯವಾಗಲಿಲ್ಲ. ಕೆಂಚವ್ವನಿಗೆ ಹೋದ ಜೀವ ಬಂದಂತಾಯಿತು. ಕೂಸನ್ನು ತಬ್ಬಿಕೊಂಡು ಅತ್ತಳು, ಅಳುತ್ತಲೇ ನಕ್ಕಳು.

ದುಗ್ಗಪ್ಪನಿಗೆ ಪಲ್ಲಕ್ಕಿ ಸಿಗಲಿಲ್ಲ, ದಮ್ಮಸು ಕೋಲು ಸಿಕ್ಕಿತು. ಗುಂಡಿ ತುಂಬಿ, ಜೇಡಿಮಣ್ಣಿನ ಮೇಲೆ ಹುಲ್ಲು ಚಿಗುರೋ ತನಕ ಅವನು ಕುಟ್ಟಿದ್ದೇ ಕುಟ್ಟಿದ್ದು. ಬರಬರುತ್ತಾ ಬಾವಿ ನೀರೂ ಕಹಿ ಬಿಟ್ಟಿತು.

ನೋಡಿದಿರಾ ಮಕ್ಕಳೇ? ನಮ್ಮ ಮನೆ ಮೇಲೆ ಸುರಿದುಕೊಳ್ಳಲಾರದ್ದನ್ನು ಇನ್ನೊಬ್ಬರ ಮನೆ ಮೇಲೂ ಸುರಿಯಬಾರದು.