ಬದುವಿನ ಮೇಲಿನ ಹೂಗಿಡ

ಏಳು ಕೆರೆಗಳ ಆಚೆ ಒಂದು ರಾಜ್ಯವಿತ್ತಂತೆ, ಮಕ್ಕಳೇ. ಅಲ್ಲಿನ ರಾಜ ಹೇಗಿದ್ದನೋ ನಾನರಿಯೆ. ಅವನ ಅರಮನೆಗೆ ಬದನೆ ಬೆಳೆಯುತ್ತಿದ್ದ ತಾಯವ್ವನ ಕಥೆ ಮಾತ್ರ ಗೊತ್ತು. ಅವಳ ಮುಳ್ಳುಬದನೆ ಬೇರೆಲ್ಲೂ ಇರಲಿಲ್ಲ. ಆ ವರ್ಷ ಇದ್ದಬದ್ದ ಬೀಜವನ್ನೆಲ್ಲ ಬಿತ್ತಿ ಮೂರು ಸಾಲು ಎಬ್ಬಿಸಿದ್ದಳು. ಅವು ಕಾಯಿ ಬಿಡದಿದ್ದರೆ ತಳಿಯೇ ಮುಗಿದಂತೆ.

ಬದುವಿನ ಮೇಲೆ ಒಂದು ನಿತ್ಯಪುಷ್ಪದ ಗಿಡವಿತ್ತು. ದಿನವೂ ದೇವರ ತಲೆಗೆ ಅದರದೇ ಹೂ. ಹಾಗಾಗಿ ಅದಕ್ಕೆ ಕೊಂಚ ಜಂಬ.

ಒಂದು ದಿನ ಜಿಗಿಹುಳು ಬಂತು. "ಅಕ್ಕಾ, ಒಂದು ಗುಟುಕು ರಸ ಕೊಡು."

"ಬಾ ತಮ್ಮಾ, ಕುಡಿ" ಎಂದಿತು ಗಿಡ. ಬಂದವರಿಗೆ ಇಲ್ಲ ಅನ್ನಬಾರದಲ್ಲ!

ಆದರೆ ಹುಳದ ಬಾಯಲ್ಲಿ ರೋಗವಿತ್ತು. ಕೆಲವು ದಿನಕ್ಕೆ ಗಿಡದ ಒಂದು ಹೂ ಎಲೆಯ ಹಾಗೆ ಹಸಿರಾಗಿ ಅರಳಿತು. ತಾಯವ್ವ ನೋಡಿದರೆ ಕಿತ್ತೇಬಿಡುತ್ತಾಳೆ ಎಂದು ಹೆದರಿ ಗಿಡ ಅದನ್ನು ಎಲೆಗಳ ಮರೆಯಲ್ಲಿ ಅಡಗಿಸಿತು.

ಹುಳುಗಳು ಹತ್ತಾದವು, ನೂರಾದವು. ಇಲ್ಲಿ ರಸ ಕುಡಿದು, ರೋಗ ಹೊತ್ತು ಬದನೆಯ ಮೇಲೆ ಜಿಗಿದವು. ಮೊದಲ ಸಾಲಿನ ಎಲೆಗಳು ಕಿರಿದಾದವು, ಗಿಡಗಳು ಗೊಡ್ಡಾದವು. ತಾಯವ್ವ ಅಳುತ್ತಾ ಕಿತ್ತಳು. ಹೂಗಿಡ ಮಾತಾಡಲಿಲ್ಲ. ಎರಡನೆಯ ಸಾಲೂ ಗೊಡ್ಡಾಯಿತು. ಆಗಲೂ ಹೂಗಿಡ ಮಾತಾಡಲಿಲ್ಲ.

ಮೂರನೆಯ ಸಾಲಿನಿಂದ ಒಂದು ಎಳೆ ಬದನೆ ಕೂಗಿತು: "ಅಕ್ಕಾ, ಹುಳ ನಿನ್ನ ಮೈಯಿಂದಲೇ ಬರ್ತವೆ. ನಾವೂ ಹೋದ್ರೆ ನಮ್ಮ ಕುಲಾನೇ ಹೋಯ್ತು."

ಆ ಮಾತು ಕೇಳಿ ಗಿಡ ಒಂದು ನಿರ್ಧಾರ ಮಾಡಿತು. ಸಂಜೆ ಜಿಗಿಹುಳವನ್ನು ಕರೆದು, "ತಮ್ಮಾ, ನಿನ್ನ ಬಂಧುಬಳಗಾನೆಲ್ಲ ಕರ್ಕೊಂಡು ಬಾ. ಹೊಟ್ಟೆ ತುಂಬ ಕುಡಿದು ಇಲ್ಲೇ ಮಲಗಿ" ಎಂದಿತು. ಆಸೆಬುರುಕ ಹುಳುಗಳು ಒಂದೂ ತಪ್ಪದೆ ಬಂದವು.

ಬೆಳಗಾಗುವಷ್ಟರಲ್ಲಿ ಇಬ್ಬನಿಗೆ ರೆಕ್ಕೆ ನೆನೆದು ಅವಕ್ಕೆ ಜಿಗಿಯಲಾಗಲಿಲ್ಲ. ತಾಯವ್ವ ಹೂ ಬಿಡಿಸಲು ಬಂದಳು. ಗಿಡ ತನ್ನ ಹಸಿರು ಹೂ ತೋರಿಸಿತು.

"ಎಲ್ಲಾ ನನ್ನಿಂದಲೇ ಆಗಿದ್ದು ತಾಯೀ. ಬಿಸಿಲೇರೋ ಮೊದಲು ಗೋಣಿ ಮುಚ್ಚಿ ನನ್ನನ್ನ ಕಿತ್ತು ಸುಟ್ಟುಬಿಡು."

"ದಿನಾ ಬರ್ತಿದ್ನಲ್ಲೇ, ಒಂದು ಮಾತು ಹೇಳಬಾರದಾಗಿತ್ತಾ?"

"ಜೀವದಾಸೆ ಕಣವ್ವಾ. ಅವತ್ತೇ ಹೇಳಿದ್ರೆ ನಾನೊಬ್ಬಳೇ ಹೋಗ್ತಿದ್ದೆ."

ತಾಯವ್ವ ಗಿಡದ ಮೇಲೆ ಗೋಣಿ ಮುಚ್ಚಿದಳು. ಬೇರು ಸಮೇತ ಕಿತ್ತು ಸುಟ್ಟಳು. ಹುಳುಗಳೂ ಗಿಡದ ಜೊತೆಗೇ ಬೂದಿಯಾದವು. ಉಳಿದ ಒಂದೇ ಸಾಲು ಕಾಯಿ ಬಿಟ್ಟಿತು, ಬೀಜ ಉಳಿಯಿತು. ಎರಡು ಸಾಲು ಮಾತ್ರ ಮರಳಿ ಬರಲಿಲ್ಲ.

ಉಗುರಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡ ಹಾಗಾಯಿತು. ಬಂದವರಿಗೆ ಜಾಗ ಕೊಡಿ, ಮಕ್ಕಳೇ. ಅವರಿಂದ ನೆರೆಯವರಿಗೆ ಕೇಡು ಎಂದು ತಿಳಿದ ದಿನವೇ ಬಾಯಿ ಬಿಡಿ. ತಾಯವ್ವನ ದೇವರು ಅಂದು ಹೂವಿಲ್ಲದೆ ಕೂತಿತ್ತು.